ಹಳೆಯ ಡಸ್ಟರ್‌ಗೆ ಏನೇನು ಹಾಕಿಸಿದಿರಿ?

ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೂ, ಅಡಿಕೆ ಮಂಡಿಯ ಜಗುಲಿಯಲ್ಲಿ ನಿಂತರೂ ಒಂದು ವರ್ಷದಿಂದ ನನ್ನ ಬೆನ್ನು ಬಿಡದ ಪ್ರಶ್ನೆ ಇದು: “ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ತೆಗೆದುಕೊಂಡಿರಂತೆ. ಏನೇನು ಹಾಕಿಸಿದಿರಿ?” ಕೇಳುವವರ ಕಣ್ಣು ಅಷ್ಟರಲ್ಲೇ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿರುತ್ತದೆ. “ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ, ಟೈರ್ ಹಾಕಿಸಿದೆ, ಎಸಿ ಸರಿ ಮಾಡಿಸಿದೆ” ಎನ್ನುತ್ತೇನೆ. ಪಾಯಸಕ್ಕೆ ಕಾದವನ ಎಲೆಗೆ ಮಜ್ಜಿಗೆ ಬಿದ್ದಂತೆ ಅವರ ಮುಖವಾಗುತ್ತದೆ.

ಹೀಗಾಗಿ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ನನ್ನದು 2015ರ ರೆನೋ ಡಸ್ಟರ್. 1461 ಸಿಸಿಯ ಡೀಸೆಲ್ ಎಂಜಿನ್, 85 ಅಶ್ವಶಕ್ತಿ. ಕೈಗೆ ಬಂದಾಗ 92,000 ಕಿಲೋಮೀಟರ್ ಓಡಿತ್ತು. ತೋಟದ ದಾರಿಯ ಕಲ್ಲು ಹೊಟ್ಟೆಗೆ ತಾಗಬಾರದು ಎಂಬುದು ಇದನ್ನು ಆರಿಸಲು ಒಂದು ಕಾರಣ. ಇದರ ಗ್ರೌಂಡ್ ಕ್ಲಿಯರೆನ್ಸ್ 205 ಮಿಲಿಮೀಟರ್. ಇನ್ನೊಂದು ಕಾರಣ ಅಮ್ಮ. ವಯಸ್ಸು ಎಪ್ಪತ್ತಾರು, ಮಂಡಿನೋವು. ಮೂರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಲು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದೊಯ್ಯಬೇಕು. ಎಂದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಹೋಗಬೇಕು. ಘಾಟಿ ಬರುವ ಮೊದಲೇ ಅಮ್ಮ ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿಯುತ್ತಾಳೆ. ಮೊದಲ ಪ್ರಯಾಣದಲ್ಲಿ ನಿಂಬೆಹಣ್ಣೂ ಕೈಕೊಟ್ಟಿತು. ನಾಲ್ಕನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅವಳ ಹಣೆ ಹಿಡಿದುಕೊಂಡು ನಿಂತೆ. ಗಾಡಿಗೆ ಏನು ಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು.

ಮರುವಾರ ಮೆಕ್ಯಾನಿಕ್ ಒಬ್ಬರು ಬಾನೆಟ್‌ನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಸರಿಯಾದ ಗಾಡಿ ಒಮ್ಮೆ ಮೇಲೆದ್ದು ಸುಮ್ಮನಾಗಬೇಕು. ನನ್ನದು ಮೂರು ಸಲ ಹೌದು ಹೌದು ಹೌದು ಎಂದು ತಲೆಯಾಡಿಸಿತು. ಹೊಂಡದ ಏಟನ್ನು ನುಂಗುವುದು ಸ್ಪ್ರಿಂಗ್. ಆದರೆ ನುಂಗಿದ ಮೇಲೆ ತನ್ನಷ್ಟಕ್ಕೆ ಬಿಟ್ಟರೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಒತ್ತಿಕೊಂಡು ಹಾಯುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ವರ್ಷಗಳು ಕಳೆದಂತೆ ಸೀಲ್ ಸವೆದು ಎಣ್ಣೆ ಜಿನುಗುತ್ತದೆ. ದಿನಕ್ಕೆ ಕೂದಲೆಳೆಯಷ್ಟು ಕೆಡುವುದರಿಂದ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಹಿಂದಿನ ಮಾಲೀಕರು “ಡಸ್ಟರ್ ಎಂದರೆ ಸೋಫಾ” ಎಂದು ಹೊಗಳಿದಾಗ ಸುಳ್ಳು ಹೇಳಿರಲಿಲ್ಲ. ಅವರು ಕೊಂಡಾಗ ಅದು ಹಾಗೆಯೇ ಇದ್ದಿರಬೇಕು.

ನಾಲ್ಕೂ ಶಾಕ್ ಅಬ್ಸಾರ್ಬರ್, ಬುಷ್‌ಗಳು, ಲಿಂಕ್ ರಾಡ್, ಕೂಲಿ, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ 24,000 ರೂಪಾಯಿ ಆಯಿತು. ಹೊರಗಿನಿಂದ ನೋಡಿದರೆ ಗಾಡಿಯಲ್ಲಿ ಒಂದು ಗೀರಿನಷ್ಟೂ ಬದಲಾವಣೆ ಇಲ್ಲ. ನನ್ನ ಭಾವ ಬಂದವನು ಲೆಕ್ಕ ಕೇಳಿ, “ಅಷ್ಟು ದುಡ್ಡಿಗೆ ಚಂದದ ಅಲಾಯ್ ಚಕ್ರ ಬರುತ್ತಿತ್ತಲ್ಲ, ಭಾವ” ಎಂದು ನಿಟ್ಟುಸಿರು ಬಿಟ್ಟ.

ಅಲಾಯ್ ಚಕ್ರದ ಮಾತು ಟೈರ್ ಅಂಗಡಿಯಲ್ಲೂ ಬಂತು. ಗಾಡಿಯ ಹಳೆಯ ಟೈರುಗಳ ಟ್ರೆಡ್, ಎಂದರೆ ಮೈಮೇಲಿನ ಅಚ್ಚು, ಸವೆಯದೆ ಚೆನ್ನಾಗಿಯೇ ಇತ್ತು. ಆದರೆ ಪಕ್ಕದ ಗೋಡೆಯ ಮೇಲಿನ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 1716. ಎಂದರೆ 2016ರ ಹದಿನೇಳನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಒಣಗಿ ಹಲಗೆಯಾಗಿತ್ತು. ಹಲಗೆಯ ಮೇಲೆ ಕುಳಿತ ಸುಖವೇ ಒಳಗಿದ್ದವರಿಗೂ. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮೊದಲು ಬಗ್ಗಿ ಈ ನಾಲ್ಕು ಅಂಕಿ ಓದಿಕೊಳ್ಳುವುದು ಒಳ್ಳೆಯದು. ಅಂಗಡಿಯವರು 18 ಇಂಚಿನ ಚಕ್ರ ಹಾಕಿಸಿ ಎಂದರು. ಲೆಕ್ಕ ಮಾಡಿ ನೋಡಿದೆ. ಡಸ್ಟರ್‌ನ ಅಳತೆ 215/65 ಆರ್ 16, ಎಂದರೆ ಟೈರಿನ ಪಕ್ಕದ ಗೋಡೆ 215 ಮಿಲಿಮೀಟರ್ ಅಗಲದ ಶೇ 65, ಸುಮಾರು 140 ಮಿಲಿಮೀಟರ್ ಎತ್ತರ. ಹೊರಸುತ್ತು ಹೆಚ್ಚುಕಡಿಮೆ ಅಷ್ಟೇ ಉಳಿಯುವಂತೆ 18 ಇಂಚಿಗೆ ಹೋದರೆ 235/50ರ ಟೈರು ಬೇಕು; ಆಗ ಗೋಡೆ 118ಕ್ಕೆ ಇಳಿಯುತ್ತದೆ. ರಸ್ತೆಗೂ ಅಮ್ಮನ ಸೊಂಟಕ್ಕೂ ನಡುವೆ ಇರುವ ಗಾಳಿಯ ದಿಂಬಿನಿಂದ ಒಂದು ಬೆರಳಷ್ಟು ಕಿತ್ತುಕೊಳ್ಳಲು ನಾನೇ ದುಡ್ಡು ಕೊಡಬೇಕೇ? ಹಳೆಯ ಅಳತೆಯನ್ನೇ ಹಾಕಿಸಿ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗಾಳಿ ತುಂಬಿಸಿಕೊಂಡು ಬಂದೆ.

ಎಸಿಯದು ಬೇರೆ ಕತೆ. ಗಾಳಿ ಬೀಸುತ್ತಿತ್ತು, ತಂಪಿರಲಿಲ್ಲ. ಮಳೆಗಾಲದಲ್ಲಿ ಒದ್ದೆ ಗೋಣಿಚೀಲದ ವಾಸನೆ ಬೇರೆ. ಗ್ಯಾಸ್ ಹೋಗಿದೆ ಎಂದುಕೊಂಡಿದ್ದೆ. ಕ್ಯಾಬಿನ್ ಫಿಲ್ಟರ್ ಎಳೆದು ತೆಗೆದಾಗ ಅದರ ಜೊತೆ ಒಣಗಿದ ಅಡಿಕೆ ಸಿಪ್ಪೆ, ಹರಿದ ಹತ್ತಿ, ಅರ್ಧ ತಿಂದ ಗೋಡಂಬಿ ಉದುರಿದವು. ಇಲಿಯೊಂದು ಅಲ್ಲಿ ಬಾಣಂತನ ಮುಗಿಸಿ ಹೋಗಿತ್ತು. ಕೆಲವೇ ನೂರು ರೂಪಾಯಿಯ ಹೊಸ ಫಿಲ್ಟರ್, ಕೂಲಿಂಗ್ ಕಾಯಿಲ್ ತೊಳೆದದ್ದು, ಮುಂದಿನ ಕಂಡೆನ್ಸರ್‌ನ ಕೆಸರು ತೆಗೆದದ್ದು, ಅಷ್ಟಕ್ಕೇ ಗಾಡಿ ಊಟಿಯಾಯಿತು. ಗ್ಯಾಸ್ ಮುಟ್ಟಬೇಕಾಗಲೇ ಇಲ್ಲ.

ಹಾಗೆಂದು ನಾನು ಶೋಕಿಯ ಮೋಹವೇ ಇಲ್ಲದ ಸನ್ಯಾಸಿಯಲ್ಲ. ಹಾಡು ಕೇಳುವ, ದಾರಿಯ ನಕ್ಷೆ ನೋಡುವ ಆಸೆಯಿಂದ ಒಂದು ಟಚ್‌ಸ್ಕ್ರೀನ್ ಹಾಕಿಸಿದೆ. ಅಂಗಡಿಯ ಹುಡುಗ ಕಂಪನಿಯ ವೈರನ್ನು ಕತ್ತರಿಸಿ, ತಿರುಚಿ, ಕಪ್ಪು ಟೇಪು ಸುತ್ತಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ನಾನು ಹೊರಗೆ ಚಹಾ ಕುಡಿಯುತ್ತ, ಎಷ್ಟು ಚುರುಕು ಎಂದು ಮೆಚ್ಚಿಕೊಂಡೆ. ನಾಲ್ಕನೆಯ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಕೀಲಿ ತೆಗೆದ ಮೇಲೂ ಆ ಪರದೆ ರಾತ್ರಿಯಿಡೀ ಬ್ಯಾಟರಿಯನ್ನು ಹೀರುತ್ತಿತ್ತು. ಆಮೇಲೆ ಬೇರೊಬ್ಬರು ಡಸ್ಟರ್‌ಗೆ ಹೊಂದುವ ಕಪ್ಲರ್, ಎಂದರೆ ವೈರು ಕತ್ತರಿಸದೆ ಜೋಡಿಸುವ ಕೊಂಡಿ, ತರಿಸಿ, ಕತ್ತರಿಸಿದ ವೈರುಗಳನ್ನು ಬೆಸುಗೆ ಹಾಕಿ ಸರಿಮಾಡಿದರು. ಟೇಪು ಸುತ್ತಿದ ಸಡಿಲ ಜೋಡಣೆ ಬಿಸಿಯಾಗಿ ಬೆಂಕಿಯೂ ಹೊತ್ತಿಕೊಳ್ಳಬಹುದಿತ್ತು ಎಂದು ಅವರು ಹೇಳಿದ ದಿನದಿಂದ ನನಗೆ ಅಂಗಡಿಯ ಚಹಾ ರುಚಿಸುತ್ತಿಲ್ಲ. ಪರದೆ ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಅಮ್ಮ ಅದರಲ್ಲಿ ಯಕ್ಷಗಾನದ ಪದ ಕೇಳುತ್ತಾಳೆ.

ಗಾಡಿಯ ನೆಲವನ್ನೆಲ್ಲ ಮುಚ್ಚುವ ದಪ್ಪನೆಯ ಸೆವೆನ್‌ಡಿ ಮ್ಯಾಟ್ ಹಾಕಿಸಿ ತೆಗೆಸಿದೆ. ಮಲೆನಾಡಿನ ಜುಲೈಯಲ್ಲಿ ಅದರಡಿಗೆ ನೀರು ಸೇರಿದರೆ ದೀಪಾವಳಿಯವರೆಗೂ ಒಣಗುವುದಿಲ್ಲ; ಬೂಷ್ಟು ಹಿಡಿಯುತ್ತದೆ. ಈಗ ಇರುವುದು ಎಳೆದು ಕೊಡವಬಹುದಾದ ಸಾದಾ ರಬ್ಬರ್ ಮ್ಯಾಟ್. ಚಾಲಕನ ಕಡೆಯದು ಜಾರಿ ಬ್ರೇಕ್ ಪೆಡಲಿನ ಕೆಳಗೆ ಸೇರದಂತೆ ಕೊಕ್ಕೆ ಇರಬೇಕು, ಅಷ್ಟೇ.

ಬಂಪರಿನ ಮುಂದೆ ಹಾಕುವ ಕಬ್ಬಿಣದ ಗಾರ್ಡ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಗಾರ್ಡ್ ಇದ್ದರೆ ಡಿಕ್ಕಿಯ ಏಟು ಗಾಡಿಗೆ ಬೇರೆ ರೀತಿಯಲ್ಲಿ ಬಡಿದು ಏರ್‌ಬ್ಯಾಗ್ ತೆರೆಯುವ ಹೊತ್ತು ತಪ್ಪಬಹುದು. ಎದುರು ಸಿಕ್ಕ ಪಾದಚಾರಿಯ ಗತಿ ಕೇಳುವುದೇ ಬೇಡ. ಗಾಜಿಗೆ ಅಂಟಿಸುವ ಕಪ್ಪು ಫಿಲ್ಮ್‌ಗೆ 2012ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. 2024ರಲ್ಲಿ ಕೇರಳ ಹೈಕೋರ್ಟ್, ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ್ದರಲ್ಲಿ ಶೇ 50 ಬೆಳಕು ಹಾಯುವಂತಿದ್ದರೆ ಫಿಲ್ಮ್ ಹಾಕಬಹುದು ಎಂದಿತು. ದಾರಿಯಲ್ಲಿ ತಡೆದ ಪೊಲೀಸರೊಡನೆ ಈ ಇತಿಹಾಸವನ್ನೆಲ್ಲ ಚರ್ಚಿಸುವ ಉತ್ಸಾಹ ನನಗಿಲ್ಲ. ಗಾಡಿಯನ್ನು ಹಲಸಿನ ಮರದಡಿ ನಿಲ್ಲಿಸುತ್ತೇನೆ. ಹಣ್ಣಿನ ಕಾಲದಲ್ಲಿ ಮಾತ್ರ ಜಾಗ ಬದಲಿಸುತ್ತೇನೆ.

ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಲ್ಬ್ ಕೂಡ ಬೇಡವೆಂದೆ. ಆಗುಂಬೆಯ ಮಂಜಿನಲ್ಲಿ ಅದು ಸುಣ್ಣದ ಗೋಡೆಯಂತೆ ಮುಖಕ್ಕೇ ತಿರುಗಿ ಬರುತ್ತದೆ. ಹಳದಿಯಾಗಿದ್ದ ಹೆಡ್‌ಲೈಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಉಜ್ಜಿ ಪಾಲಿಶ್ ಮಾಡಿಸಿದ್ದಕ್ಕೇ ರಸ್ತೆ ಕಾಣತೊಡಗಿತು.

ಒಂದನ್ನು ಸೌಕರ್ಯವೆಂದು ಯಾರೂ ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ: ಟೈಮಿಂಗ್ ಬೆಲ್ಟ್. ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ತಾಳದಲ್ಲಿ ಇಡುವುದು ಅದು; ಈ ಎಂಜಿನ್ನಿಗೆ ಇರುವುದು ರಬ್ಬರಿನ ಬೆಲ್ಟ್. ಓಡುವಾಗ ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಎಂಜಿನ್ನೇ ಹಾಳಾಗುತ್ತದೆ. ಅದನ್ನು ಎಂದು ಬದಲಾಯಿಸಿದರೆಂಬ ದಾಖಲೆ ಹಿಂದಿನವರ ಬಳಿ ಇರಲಿಲ್ಲ. ಹೊಸದು ಹಾಕಿಸಿದ ಮೇಲೆ ಘಾಟಿಯಲ್ಲಿ ನನ್ನ ಹೆಗಲು ಸಡಿಲವಾಗಿರುತ್ತದೆ.

ಇನ್ನು ಹತ್ತಿ ಇಳಿಯುವ ಕಷ್ಟ. ಎತ್ತರದ ಗಾಡಿಗೆ ಮಂಡಿನೋವಿನವರು ಕಾಲೆತ್ತುವುದು ಸುಲಭವಲ್ಲ. ಪಕ್ಕಕ್ಕೆ ಫುಟ್‌ಸ್ಟೆಪ್ ಹಾಕಿಸಲು ಹೊರಟಿದ್ದೆ. ಅಂಗಡಿಯಲ್ಲಿ ತೋರಿಸಿದ ಕೊಳವೆ ಅಮ್ಮನ ಪಾದಕ್ಕೆ ಕಿರಿದು, ಮಳೆಯಲ್ಲಿ ಜಾರುವಂಥದ್ದು, ಸಾಲದ್ದಕ್ಕೆ ತೋಟದ ಕಲ್ಲಿಗೆ ತಾಗುವಷ್ಟು ಕೆಳಗೆ. ಮನೆಗೆ ಬಂದು ಹೇಳಿದಾಗ ಅಮ್ಮ ಒಳಗೆ ಹೋಗಿ, ದೇವರ ಕೋಣೆಯಲ್ಲಿ ತಾನು ಕೂರುತ್ತಿದ್ದ ಹಲಸಿನ ಮಣೆಯನ್ನು ತಂದಿಟ್ಟಳು. ಕೆಳಗೆ ಎರಡು ಅಡ್ಡಪಟ್ಟಿ ಹೊಡೆಸಿ ಎತ್ತರಿಸಿ, ಮೇಲೆ ಒರಟು ರಬ್ಬರು ಅಂಟಿಸಿದೆ. ಈಗ ಅದು ಡಿಕ್ಕಿಯಲ್ಲಿರುತ್ತದೆ. ಗಾಡಿ ನಿಂತ ಕೂಡಲೇ ಮಣೆ ಇಳಿಯುತ್ತದೆ, ಆಮೇಲೆ ಅಮ್ಮ ಇಳಿಯುತ್ತಾಳೆ.

ಕಳೆದ ತಿಂಗಳು ಹೆಬ್ರಿಯಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಹೋಟೆಲಿನ ಮುಂದೆ ನಿಂತಿದ್ದ ಒಬ್ಬರು ಡಸ್ಟರ್ ಅನ್ನು ಮೇಲಿಂದ ಕೆಳಗೆ ನೋಡಿ, “ಏನೇನು ಹಾಕಿಸಿದ್ದೀರಿ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ಮಣೆಯ ಮೇಲೆ ಒಂದು ಕಾಲಿಟ್ಟು, “ಇದನ್ನು” ಎಂದಳು. ನಿಂಬೆಹಣ್ಣು ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು.