ಸಿಇಟಿ ರ‍್ಯಾಂಕು ತೋರಿಸುವುದು ಬುದ್ಧಿಯನ್ನೋ, ಶ್ರಮವನ್ನೋ?

ಶಿರಸಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಪ್ರತಿ ವರ್ಷ ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶದ ಸಿಇಟಿ, ನೀಟ್ ಪರೀಕ್ಷೆಗಳ ಫಲಿತಾಂಶ ಬಂದ ವಾರದಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಬಸ್ ನಿಲ್ದಾಣದಲ್ಲಿ, ಅಡಿಕೆ ಸೊಸೈಟಿಯ ಅಂಗಳದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅದನ್ನು ಕೇಳುತ್ತಾರೆ. ಕಳೆದ ವರ್ಷ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕೂತು, ಅವಳ ಎದುರಿಗೇ ಕೇಳಿದರು: "ಮಾಸ್ತರ್ರೇ, ಕೂಸಿಗೆ ಬುದ್ಧಿಯೇ ಕಮ್ಮಿಯೋ, ಓದಿದ್ದು ಸಾಲಲಿಲ್ಲವೋ? ಬುದ್ಧಿ ಕಮ್ಮಿಯಾದರೆ ಬಿ.ಎಸ್ಸಿ.ಗೆ ಹಾಕುತ್ತೇನೆ, ಓದಿದ್ದು ಸಾಲದಿದ್ದರೆ ಇನ್ನೊಂದು ವರ್ಷ ಓದಿಸುತ್ತೇನೆ." ಹುಡುಗಿ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದಳು. ಎರಡು ಮಾತಿನಲ್ಲಿ ಹೇಳುವ ಉತ್ತರ ನನ್ನಲ್ಲಿರಲಿಲ್ಲ. ವಿವರವಾಗಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರ‍್ಯಾಂಕಿನಲ್ಲಿ ಬುದ್ಧಿಯೂ ಇದೆ, ಶ್ರಮವೂ ಇದೆ. ಆದರೆ ಹಾಲಿಗೆ ಬೆರೆಸಿದ ಸಕ್ಕರೆಯಂತೆ ಅವು ಒಂದರಲ್ಲೊಂದು ಕರಗಿರುವುದರಿಂದ, ಆ ಸಂಖ್ಯೆಯೊಂದನ್ನೇ ಹಿಡಿದುಕೊಂಡು ಯಾವುದು ಎಷ್ಟು ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಇದಕ್ಕಿಂತ ಮುಖ್ಯವಾಗಿ, ನಮ್ಮ ಜಿಲ್ಲೆಯ ಮಕ್ಕಳ ಮಟ್ಟಿಗೆ ಅದರಲ್ಲಿ ಮೂರನೆಯದೊಂದು ಸೇರಿರುತ್ತದೆ, ಅದು ಸಮಯ. ಪರೀಕ್ಷೆಯ ಕೊಠಡಿಯೊಳಗಿನ ಸಮಯ ಮತ್ತು ಅದಕ್ಕೆ ಮೊದಲಿನ ಎರಡು ವರ್ಷಗಳಲ್ಲಿ ಮಗುವಿಗೆ ತನ್ನದೆಂದು ಸಿಕ್ಕ ಸಮಯ, ಎರಡೂ.

ಮೊದಲು ಕೊಠಡಿಯೊಳಗಿನ ಸಮಯವನ್ನು ನೋಡೋಣ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಓದಿ, ಲೆಕ್ಕ ಮಾಡಿ, ಒಎಂಆರ್ ಹಾಳೆಯಲ್ಲಿ ಗುಂಡು ತುಂಬುವುದೂ ಸೇರಿ ಒಂದು ಪ್ರಶ್ನೆಗೆ 80 ಸೆಕೆಂಡು. ನೀಟ್‌ನಲ್ಲಿ 2025ರಿಂದ 180 ಪ್ರಶ್ನೆಗೆ 180 ನಿಮಿಷ. ಇಷ್ಟು ಹೊತ್ತಿನಲ್ಲಿ ಯಾವ ಮಗುವೂ ಹೊಸದಾಗಿ ಯೋಚಿಸುವುದಿಲ್ಲ, ಯೋಚಿಸಲು ಆಗುವುದೂ ಇಲ್ಲ. ಪರಿಚಯದ ಮುಖವನ್ನು ಸಂತೆಯಲ್ಲಿ ಗುರುತಿಸಿದಂತೆ ಪ್ರಶ್ನೆಯ ಜಾತಿಯನ್ನು ಗುರುತಿಸುತ್ತದೆ, ಕೈ ತಾನಾಗಿ ಮುಂದಿನದನ್ನು ಮಾಡುತ್ತದೆ. ಗುರುತಿಸಬೇಕಾದರೆ ಅಂಥದ್ದನ್ನು ಮೊದಲು ಹತ್ತಾರು ಸಲ ಕಂಡಿರಬೇಕು. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ, ಏಕೆಂದರೆ ವೈದ್ಯರಿಗೂ ಎಂಜಿನಿಯರರಿಗೂ ಈ ಬಗೆಯ ಅಭ್ಯಾಸ ನಿತ್ಯ ಬೇಕು. ಆದರೆ ಬುದ್ಧಿ ಎಂದು ಜನ ಕರೆಯುವುದೆಲ್ಲ ಈ 80 ಸೆಕೆಂಡಿನೊಳಗೆ ಹಿಡಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳಿಂದ ನನಗೆ ಇದು ಸ್ಪಷ್ಟವಾಯಿತು. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಮೊದಲ ವಾರ ನಾನು 'ರಿಫ್ರಾಕ್ಷನ್' ಎಂದರೇನು ಎಂದು ಕೇಳಿದಾಗ ಎದ್ದು ನಿಂತು ಸುಮ್ಮನಿದ್ದಳು. 'ವಕ್ರೀಭವನ' ಎಂದ ಕೂಡಲೇ ಬಾವಿಯ ತಳ ಏಕೆ ಮೇಲೆ ಬಂದಂತೆ ಕಾಣುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿದಳು. ದ್ವಿತೀಯ ಪಿಯುಸಿಯ ನವೆಂಬರಿನಲ್ಲಿ ನಾನು ಹಳೆಯ ಸಿಇಟಿ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟು ಬರೆಸಿದಾಗ ಅವಳು ನಲವತ್ತು ಪ್ರಶ್ನೆ ದಾಟಲಿಲ್ಲ. ಉಳಿದವನ್ನು ಶನಿವಾರ ಮಧ್ಯಾಹ್ನ ಗಡಿಯಾರವಿಲ್ಲದೆ ಬರೆಯಲು ಹೇಳಿದೆ. ಎರಡು ಬಿಟ್ಟು ಎಲ್ಲವೂ ಸರಿ ಇದ್ದವು. ಒಂದು ಲೆಕ್ಕವನ್ನಂತೂ ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಬಿಡಿಸಿದ್ದಳು, ಅದು ಸರಿಯೆಂದು ಖಾತ್ರಿ ಮಾಡಿಕೊಳ್ಳಲು ನನಗೇ ಹತ್ತು ನಿಮಿಷ ಬೇಕಾಯಿತು. ಅದೇ ತಲೆ, ಅದೇ ಪತ್ರಿಕೆ. ಎರಡು ಸಲದ ಅಂಕಗಳ ನಡುವೆ ಇದ್ದದ್ದು ಗಡಿಯಾರ ಮಾತ್ರ. ಆಮೇಲಿನ ನಾಲ್ಕು ತಿಂಗಳು ಅವಳು ವಾರಕ್ಕೆ ಎರಡು ಪತ್ರಿಕೆಯನ್ನು ಹೊತ್ತು ನೋಡಿಕೊಂಡು ಬರೆದಳು, ಅಂಕ ಏರಿತು. ಆ ನಾಲ್ಕು ತಿಂಗಳಲ್ಲಿ ಅವಳ ಬುದ್ಧಿ ಬೆಳೆಯಿತೆಂದು ನಾನು ಹೇಳಲಾರೆ. ಮೊದಲು ಶ್ರಮ ಪಡುತ್ತಿರಲಿಲ್ಲ ಎಂದೂ ಹೇಳಲಾರೆ, ಅವಳು ಪ್ರತಿ ಪಾಠದ ಟಿಪ್ಪಣಿಯನ್ನು ಎರಡೆರಡು ಸಲ ಬರೆದವಳು. ಪರೀಕ್ಷೆ ಎಣಿಸುವ ಬಗೆಯ ಶ್ರಮ ಯಾವುದೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ಅದು ನನ್ನದೂ ತಪ್ಪು.

ಇನ್ನು ಕೊಠಡಿಯ ಹೊರಗಿನ ಸಮಯ. ಆ ಹುಡುಗಿ ಬೆಳಿಗ್ಗೆ ಏಳು ಗಂಟೆಯ ಬಸ್ಸು ಹಿಡಿದು ಸಂಜೆ ಆರೂವರೆಗೆ ಮನೆ ಮುಟ್ಟುತ್ತಿದ್ದಳು. ಅಡಿಕೆಯ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಮನೆಯವರೆಲ್ಲ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತಾಗ ಅವಳೂ ಕೂರಬೇಕಿತ್ತು; ಬೆರಳ ತುದಿಗೆ ಹತ್ತಿದ ಚೊಗರಿನ ಕಲೆ ಅವಳ ಪ್ರಯೋಗದ ಪುಸ್ತಕದ ಅಂಚಿಗೂ ಹತ್ತಿರುತ್ತಿತ್ತು. ಶಿರಸಿಗೆ ಬರುವ ಮೊದಲು ನಾನು ಅಂಕೋಲೆಯಲ್ಲಿ ಕಲಿಸುತ್ತಿದ್ದಾಗ ಮೀನುಗಾರರ ಮನೆಯ ಹುಡುಗನೊಬ್ಬನಿದ್ದ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದಾಗ ಅಪ್ಪನೊಂದಿಗೆ ಬಲೆ ಸರಿಪಡಿಸಲು ಕೂರುತ್ತಿದ್ದ ಅವನಿಗೆ ಕಾಲೇಜಿನ ಮೊದಲ ಎರಡು ತಿಂಗಳ ಓದು ಅಲ್ಲಿಗೆ ಹೋಗುತ್ತಿತ್ತು. ಸಮುದ್ರದ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದನ್ನು ಅವನು ಬಾಯಿಲೆಕ್ಕದಲ್ಲೇ ಹಿಡಿದು, ಮುಂದಿನ ಅಮಾವಾಸ್ಯೆಯ ದಿನದ ಭರತದ ಹೊತ್ತನ್ನು ಹೇಳಬಲ್ಲವನಾಗಿದ್ದ. ಇದೇ ವಯಸ್ಸಿನ ಮಕ್ಕಳು ದಕ್ಷಿಣ ಕನ್ನಡದ ವಸತಿ ಕಾಲೇಜುಗಳಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಓದಿಗೆಂದೇ ಹೊಂದಿಸಿದ ದಿನವನ್ನು ಕಳೆಯುತ್ತಾರೆ. ಅವರ ಶ್ರಮ ಸುಳ್ಳಲ್ಲ, ಅದು ನಿಜಕ್ಕೂ ಕಠಿಣವಾದದ್ದು. ಆದರೆ ಇಬ್ಬರ ರ‍್ಯಾಂಕನ್ನು ಪಕ್ಕಪಕ್ಕ ಇಟ್ಟು, ಮುಂದಿರುವವನು ಹೆಚ್ಚು ದುಡಿದ, ಹಿಂದಿರುವವನು ಕಡಿಮೆ ದುಡಿದ ಎನ್ನುವುದು ನ್ಯಾಯವಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇರುವುದರ ಹಿಂದೆ ಸರ್ಕಾರವೂ ಈ ಮಾತನ್ನು ಒಪ್ಪಿಕೊಂಡಿದೆ ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಬುದ್ಧಿಗೆ ಇಲ್ಲಿ ಜಾಗವೇ ಇಲ್ಲವೇ? ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಕಾಲೇಜು ಪ್ರವೇಶಕ್ಕೆ 1926ರಿಂದ ನಡೆಯುತ್ತಿರುವ ಸ್ಯಾಟ್ ಪರೀಕ್ಷೆಯ ಅಂಕಗಳನ್ನು ಫ್ರೇ ಮತ್ತು ಡೆಟರ್‌ಮನ್ ಎಂಬ ಸಂಶೋಧಕರು 2004ರಲ್ಲಿ ಸಾಮಾನ್ಯ ಬುದ್ಧಿಮತ್ತೆಯ ಅಳತೆಯೊಂದಿಗೆ ಹೋಲಿಸಿದಾಗ 0.82ರಷ್ಟು ಸಹಸಂಬಂಧ ಕಂಡಿತು. ಪೂರ್ಣ ಹೊಂದಿಕೆಯೆಂದರೆ 1, ಹಾಗಾಗಿ ಇದು ದೊಡ್ಡದೇ. ಮರುವರ್ಷ, 2005ರಲ್ಲಿ, ಡಕ್‌ವರ್ತ್ ಮತ್ತು ಸೆಲಿಗ್‌ಮನ್ ಅವರು ಎಂಟನೆಯ ತರಗತಿಯ ಮಕ್ಕಳನ್ನು ಅಧ್ಯಯನ ಮಾಡಿ, ವರ್ಷದ ಕೊನೆಗೆ ಶಾಲೆಯಲ್ಲಿ ಅವರು ಪಡೆದ ಶ್ರೇಣಿಯನ್ನು ಮುಂಗಾಣಲು ಐಕ್ಯೂಗಿಂತ ಸ್ವಯಂಶಿಸ್ತು ಹೆಚ್ಚು ನೆರವಾಗುತ್ತದೆ ಎಂದು ಕಂಡುಕೊಂಡರು. ಎರಡೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಒಂದು ಅಳೆದದ್ದು ಒಂದೇ ಕೂರಿಕೆಯಲ್ಲಿ ಬರೆದ ಪರೀಕ್ಷೆಯನ್ನು, ಇನ್ನೊಂದು ಅಳೆದದ್ದು ವರ್ಷವಿಡೀ ದಿನದಿನ ಮಾಡಿದ ಕೆಲಸದ ಫಲವನ್ನು. ನಮ್ಮ ಎಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕಾಚಾರ ಈ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತದೆ: ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ, ಅರ್ಧ ಪಾಲು ಸಿಇಟಿಯ ಅಂಕ. ಪಿಯುಸಿಯಲ್ಲಿ 95 ತೆಗೆದು ಸಿಇಟಿಯಲ್ಲಿ ಸೋತವಳೂ, ಪಿಯುಸಿಯಲ್ಲಿ ಸಾಧಾರಣವಾಗಿದ್ದು ಸಿಇಟಿಯಲ್ಲಿ ಗೆದ್ದವನೂ ಒಂದೇ ರ‍್ಯಾಂಕಿನ ಅಕ್ಕಪಕ್ಕ ಬಂದು ನಿಲ್ಲಬಹುದು. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಸಿಇಟಿ ಅಂಕದಿಂದಲೇ ರ‍್ಯಾಂಕು ಕೊಟ್ಟರು. ಅದೇ ಮಕ್ಕಳಿಗೆ ಅರ್ಧ-ಅರ್ಧದ ಲೆಕ್ಕ ಹಾಕಿದ್ದರೆ ಸಾಲಿನ ಕ್ರಮ ಬೇರೆಯಾಗುತ್ತಿತ್ತು.

ಒಂದೊಂದು ಅಂಕದ ವ್ಯತ್ಯಾಸಕ್ಕೆ ಜೀವ ಹಿಂಡಿಕೊಳ್ಳುವ ಮನೆಗಳಲ್ಲಿ ನಾನು 2024ರ ನೀಟ್ ಕಥೆಯನ್ನು ಹೇಳುತ್ತೇನೆ. ಜೂನ್ 4ರಂದು ಫಲಿತಾಂಶ ಬಂದಾಗ 67 ಮಂದಿಗೆ 720ಕ್ಕೆ 720 ಬಂದಿತ್ತು. ಆ ಪತ್ರಿಕೆಯಲ್ಲಿ, ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿರುತ್ತವೆ, ತಮ್ಮದೇ ರೋಹಿತವನ್ನು (ಬೆಳಕಿನ ವರ್ಣಪಟ್ಟಿಯನ್ನು) ಹೊರಸೂಸುತ್ತವೆ ಎಂಬ ಹೇಳಿಕೆಯಿದ್ದ ಒಂದು ಭೌತಶಾಸ್ತ್ರದ ಪ್ರಶ್ನೆಯಿತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದ ಪ್ರಕಾರ ಅದು ಸರಿ, ಹೊಸ ಮುದ್ರಣದ ಪ್ರಕಾರ ತಪ್ಪು, ಏಕೆಂದರೆ ಹೊಸದರಲ್ಲಿ 'ಹೆಚ್ಚಿನ ಧಾತುಗಳ' ಎಂದು ತಿದ್ದಲಾಗಿತ್ತು. ಮೊದಲು ಎರಡೂ ಉತ್ತರಕ್ಕೆ ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ತಜ್ಞರ ಅಭಿಪ್ರಾಯ ಪಡೆದು ಒಂದೇ ಉತ್ತರ ಸರಿ ಎಂದಿತು. ಹಳೆಯ ಪುಸ್ತಕದ ಉತ್ತರ ಬರೆದವರು ಆ ಪ್ರಶ್ನೆಯ 4 ಅಂಕವನ್ನೂ, ತಪ್ಪು ಉತ್ತರಕ್ಕೆ ಕಳೆಯುವ 1 ಅಂಕವನ್ನೂ ಸೇರಿಸಿ 5 ಅಂಕ ಕಳೆದುಕೊಂಡರು. ಜುಲೈ 26ರ ಪರಿಷ್ಕೃತ ಪಟ್ಟಿಯಲ್ಲಿ ಪೂರ್ಣ ಅಂಕದವರು 17 ಮಂದಿ ಉಳಿದರು. ಪರಮಾಣುಗಳ ಬಗ್ಗೆ ಭೌತಶಾಸ್ತ್ರ ಹೇಳುವುದು ಹೊಸ ಪುಸ್ತಕದ್ದೇ ಸರಿ, ಪರಮಾಣು ಸ್ಥಿರವಾಗಿರದ ವಿಕಿರಣಶೀಲ ಧಾತುಗಳ ಪಾಠ ಮಾಡುವ ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಅಣ್ಣನೋ, ಪಕ್ಕದ ಮನೆಯ ಅಕ್ಕನೋ ಓದಿ ಬಿಟ್ಟ ಪುಸ್ತಕದಲ್ಲೇ ಓದುವ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಎಂಬುದು ನನಗೆ ಗೊತ್ತು. ಆ 5 ಅಂಕ ಅವರ ಬುದ್ಧಿಯ ಅಂಕವೂ ಅಲ್ಲ, ಶ್ರಮದ ಅಂಕವೂ ಅಲ್ಲ. ಅದೇ ವರ್ಷ ಸಿಇಟಿಯಲ್ಲಿಯೂ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಗಿ ಬಂತು. ಅವುಗಳ ಮೇಲೆ ಹತ್ತು ನಿಮಿಷ ಸುರಿದ ಪ್ರಾಮಾಣಿಕ ಮಗುವಿಗೆ ಆ ಹತ್ತು ನಿಮಿಷವನ್ನು ಯಾರೂ ಹಿಂದಿರುಗಿಸಲಿಲ್ಲ.

ಅದೃಷ್ಟದ ಪಾಲನ್ನೂ ಎಣಿಸಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಗೊತ್ತಿಲ್ಲದ ಪ್ರಶ್ನೆಗಳಿಗೂ ಎಲ್ಲರೂ ಗುರುತು ಹಾಕುತ್ತಾರೆ. ನಾಲ್ಕು ಆಯ್ಕೆಗಳಿರುವ 30 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಏಳೋ ಎಂಟೋ ಸರಿಯಾಗುತ್ತವೆ. ಒಬ್ಬರಿಗೆ 5, ಇನ್ನೊಬ್ಬರಿಗೆ 10 ಬರುವುದು ಏನೂ ವಿಶೇಷವಲ್ಲ. ಎರಡು ಲಕ್ಷಕ್ಕೂ ಹೆಚ್ಚು ಮಂದಿ ನಿಂತಿರುವ ಸಾಲಿನ ನಡುಭಾಗದಲ್ಲಿ ಈ ಐದು ಅಂಕ ಸಾವಿರಾರು ರ‍್ಯಾಂಕುಗಳಷ್ಟು ಹಿಂದುಮುಂದು ಮಾಡುತ್ತದೆ. ಆದ್ದರಿಂದ ಎರಡು ಸಾವಿರದ ರ‍್ಯಾಂಕಿಗೂ ಒಂದು ಲಕ್ಷದ ರ‍್ಯಾಂಕಿಗೂ ಇರುವ ಅಂತರವನ್ನು ನಾನು ನಂಬುತ್ತೇನೆ. ನಲವತ್ತು ಸಾವಿರಕ್ಕೂ ನಲವತ್ತೆರಡು ಸಾವಿರಕ್ಕೂ ಇರುವ ಅಂತರದಿಂದ ಮಕ್ಕಳ ಬಗ್ಗೆ ಏನನ್ನೂ ತೀರ್ಮಾನಿಸುವುದಿಲ್ಲ.

'ಎಲ್ಲ ಶ್ರಮದಲ್ಲಿದೆ' ಎಂದು ಮಕ್ಕಳಿಗೆ ಹುರುಪು ತುಂಬುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದು ಕೇಳಲು ಹಿತವಾಗಿದೆ, ಆದರೆ ಸೋತ ಮಗುವಿನ ಮೇಲೆ ಅದು ಹೊರಿಸುವ ಭಾರ ದೊಡ್ಡದು. ಎರಡು ವರ್ಷ ನಿದ್ದೆಗೆಟ್ಟು ಓದಿ, ಹೇಳಿದಷ್ಟು ಪತ್ರಿಕೆ ಬಿಡಿಸಿ, ಆದರೂ ಗಣಿತ ಕೈಗೆ ಹತ್ತದ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥವರಿಗೆ 'ಇನ್ನೂ ದುಡಿಯಬೇಕಿತ್ತು' ಎಂದರೆ ದುಡಿದದ್ದನ್ನೇ ಸುಳ್ಳು ಮಾಡಿದಂತೆ. ಅವರಲ್ಲೊಬ್ಬ ಇವತ್ತು ಯಲ್ಲಾಪುರದ ಕಡೆ ತೋಟಗಳಿಗೆ ಹನಿ ನೀರಾವರಿ ಜೋಡಿಸುವ ಕೆಲಸದಲ್ಲಿದ್ದಾನೆ. ಗುಡ್ಡದ ಇಳಿಜಾರು ನೋಡಿ ಎಲ್ಲಿ ಎಷ್ಟು ಒತ್ತಡ ಉಳಿಯುತ್ತದೆ ಎಂದು ಅವನು ಹೇಳುವುದನ್ನು ಕೇಳಿದಾಗ, ನಾನು ಕಲಿಸಿದ ದ್ರವ ಒತ್ತಡದ ಪಾಠ ಅವನಿಗೆ ತಲುಪಿತ್ತು ಎಂಬುದು ತಿಳಿಯಿತು.

ಜಗಲಿಗೆ ಬಂದ ಆ ತಂದೆಗೆ ನಾನು ಬುದ್ಧಿ, ಶ್ರಮ ಎರಡರ ಮಾತನ್ನೂ ಬದಿಗಿಟ್ಟು ಪ್ರಶ್ನೆಪತ್ರಿಕೆ ಮತ್ತು ಒಎಂಆರ್ ಪ್ರತಿಯನ್ನು ತರಿಸಲು ಹೇಳಿದೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಸರಿ ಉತ್ತರಗಳನ್ನು ಪ್ರಕಟಿಸುವುದರಿಂದ ಯಾವುದು ತಪ್ಪಿತೆಂಬುದು ಯಾರಿಗೂ ತಿಳಿಯುತ್ತದೆ. ಏಕೆ ತಪ್ಪಿತೆಂದು ಬರೆದವಳಿಗೆ ಮಾತ್ರ ಗೊತ್ತು. ಮರುದಿನ ಬಂದ ಹುಡುಗಿಗೆ, ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲೊಂದು ಗುರುತು ಹಾಕು ಎಂದೆ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ಹೊತ್ತು ಸಾಲಲಿಲ್ಲ, ಅವಸರದಲ್ಲಿ ತಪ್ಪಿತು. ಮೊದಲ ಬಗೆಯದೇ ಹೆಚ್ಚಿದ್ದು, ಪಾಠವನ್ನು ಮನಸ್ಸಿಟ್ಟು ಓದಿಯೂ ಹಾಗಾಗಿದ್ದರೆ, ಬೇರೆ ದಾರಿ ಹುಡುಕುವುದು ಒಳ್ಳೆಯದು. ಎರಡನೆಯದು ಹೆಚ್ಚಿದ್ದರೆ ಇನ್ನೊಂದು ವರ್ಷ ಕೊಡುವುದು ಸಾರ್ಥಕ, ಆದರೆ ಆ ವರ್ಷ ನಿಜವಾಗಿ ಅವಳದಾಗಿರಬೇಕು. ಅವಳು ಅರ್ಧ ಗಂಟೆ ಕೂತು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದಳು. ಭೌತಶಾಸ್ತ್ರದಲ್ಲಿ ತಪ್ಪಾದ 34ರಲ್ಲಿ 'ಹೊತ್ತು ಸಾಲಲಿಲ್ಲ' ಎಂಬ ಗುರುತು 19 ಇದ್ದವು. ತಂದೆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಇವೆಲ್ಲ ನಿಂಗೆ ಬರ್ತಿತ್ತಾ?" ಎಂದು ಕೇಳಿದರು. ಅವಳು ಮಾತಾಡದೆ ಅದರಲ್ಲೊಂದನ್ನು ಆರಿಸಿ, ಜಗಲಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ಅವರ ಕಣ್ಣೆದುರೇ ಬಿಡಿಸಿದಳು. ನಾಲ್ಕು ನಿಮಿಷ ಹಿಡಿಯಿತು, ಉತ್ತರ ಸರಿ ಇತ್ತು. ಇನ್ನೊಂದು ವರ್ಷ ಓದಿಸುವುದೋ ಬೇಡವೋ ಎಂಬ ಮಾತು ಆಮೇಲೆ ಶುರುವಾಯಿತು, ಮತ್ತು ಈ ಸಲ ಅವಳೂ ಕೂತು ಮಾತಾಡಿದಳು.