ಕೊಚ್ಚಿಗೆ ಹೋಗುವವರು ವೈಪಿನ್‌ಗೂ ಒಂದು ದಿನ ಇಟ್ಟುಕೊಳ್ಳಿ

ಮೈಸೂರು, ಮಂಡ್ಯ ಕಡೆಯಿಂದ ಕೊಚ್ಚಿಗೆ ಹೋಗುವವರು ಫೋರ್ಟ್ ಕೊಚ್ಚಿ ನೋಡಿ ಮುನ್ನಾರ್‌ಗೋ ಅಲೆಪ್ಪಿಗೋ ಹೊರಟುಬಿಡುತ್ತಾರೆ. ಎದುರಿಗೇ ಇರುವ ವೈಪಿನ್ ದ್ವೀಪದ ಕಡೆ ಹೋಗುವವರು ಕಡಿಮೆ. ಅದರಲ್ಲೂ ಶ್ರೀರಂಗಪಟ್ಟಣದ ಸುತ್ತಮುತ್ತಲಿನವರು ಈ ದ್ವೀಪವನ್ನು ನೋಡಲೇಬೇಕು.

ಮೈಸೂರಿನಿಂದ ಮಂಡ್ಯ, ಬೆಂಗಳೂರು ಮೇಲೆ ಎರ್ನಾಕುಲಂಗೆ ರಾತ್ರಿ ರೈಲಿದೆ. ಕಾರಿನಲ್ಲಿ ಗುಂಡ್ಲುಪೇಟೆ, ಬತ್ತೇರಿ ಮೇಲೆ ಹೋಗುವುದಾದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ನೆನಪಿರಲಿ.

ಫೋರ್ಟ್ ಕೊಚ್ಚಿಯಿಂದ ವೈಪಿನ್‌ಗೆ ರೋ-ರೋ ಹಡಗು ಓಡಾಡುತ್ತದೆ. ಕಾರು, ಬೈಕು, ಜನ ಎಲ್ಲರನ್ನೂ ಹತ್ತಿಸಿಕೊಂಡು ಕೆಲವೇ ನಿಮಿಷದಲ್ಲಿ ಆಚೆ ದಡ ಮುಟ್ಟಿಸುತ್ತದೆ. ಎರ್ನಾಕುಲಂನ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಇದೆ. ಗೋಶ್ರೀ ಸೇತುವೆಗಳ ಮೇಲೆ ಬಸ್ಸೂ ಬರುತ್ತದೆ. ದ್ವೀಪದ ಉದ್ದಕ್ಕೂ ಒಂದೇ ಮುಖ್ಯರಸ್ತೆ, ಹಾಗಾಗಿ ದಾರಿ ತಪ್ಪುವ ಭಯವಿಲ್ಲ. ಬಸ್ಸಿನ ಬೋರ್ಡು ಮಲಯಾಳದಲ್ಲಿದ್ದರೆ ಕಂಡಕ್ಟರಿಗೆ 'ಚೆರಾಯಿ' ಅಂದರೆ ಸಾಕು. ಅಲ್ಲಿಂದ ಬೀಚಿಗೆ ಆಟೋ ಹಿಡಿಯಿರಿ.

ಗದ್ದೆ ಮಾಡುವವರು ಪೊಕ್ಕಾಳಿ ಹೊಲಗಳನ್ನು ನಿಂತು ನೋಡಿ. ನಮ್ಮ ಕಡೆ ಭತ್ತಕ್ಕೆ ನಾಲೆಯ ಸಿಹಿನೀರು ಬೇಕು, ಅಲ್ವಾ? ಇಲ್ಲಿ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗಿನಲ್ಲೇ ಭತ್ತ ಬೆಳೆಯುತ್ತಾರೆ. ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿ, ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಸೀಗಡಿಗೆ ಮೇವಾಗುತ್ತದೆ. ಭತ್ತ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ ಬೆಳೆ! ಗೊಬ್ಬರ, ಔಷಧಿಯ ಖರ್ಚಿಲ್ಲದ ಈ ಪದ್ಧತಿ ನೋಡಿ ನನಗಂತೂ ಬಹಳ ಖುಷಿಯಾಯಿತು. ಹಸಿರು ಪೈರು ನೋಡಬೇಕೆಂದರೆ ಆಗಸ್ಟ್-ಸೆಪ್ಟೆಂಬರ್ ಒಳ್ಳೆಯದು. ಮಳೆಗಾಲದಲ್ಲಿ ಸಮುದ್ರ ಮಾತ್ರ ಒರಟು, ಮಕ್ಕಳನ್ನು ನೀರಿಗೆ ಇಳಿಸಬೇಡಿ.

ದ್ವೀಪದ ಉತ್ತರದ ತುದಿಯಲ್ಲಿ ಪಳ್ಳಿಪುರಂ ಕೋಟೆ ಇದೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಕಟ್ಟಿದ್ದು. ಆರು ಮೂಲೆಯ ಪುಟ್ಟ ಕೋಟೆ. ಆಮೇಲೆ ಡಚ್ಚರ ಕೈ ಸೇರಿತು. 1789ರಲ್ಲಿ ಅವರು ಇದನ್ನೂ ಕೊಡುಂಗಲ್ಲೂರಿನ ಕೋಟೆಯನ್ನೂ ತಿರುವಾಂಕೂರಿಗೆ ಮಾರಿದರು. ಟಿಪ್ಪು ಸುಲ್ತಾನ್ ಅದನ್ನು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ. ಅದು ಮೂರನೇ ಮೈಸೂರು ಯುದ್ಧವಾಗಿ ಬೆಳೆದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಬಂದು ನಿಂತಿತು. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ನಮ್ಮೂರಿನ ಕೋಟೆಯ ಕಥೆ ಇಷ್ಟು ದೂರದ ಈ ಸಣ್ಣ ಕೋಟೆಗೂ ತಳಕು ಹಾಕಿಕೊಂಡಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ಅಲ್ಲೇ ನಿಲ್ಲಿಸಿ ಹೇಳಿ.

ಊಟಕ್ಕೆ ಮೀನು, ಸೀಗಡಿ ಧಾರಾಳ. ಸಸ್ಯಾಹಾರಿಗಳು ಬೆಳಗ್ಗೆಯೇ ಪುಟ್ಟು-ಕಡಲೆ ತಿಂದು, ಜೊತೆಗೆ ಹಣ್ಣು ಇಟ್ಟುಕೊಂಡು ಹೊರಡುವುದು ವಾಸಿ. ನೀರು, ಟೋಪಿ, ಸ್ವಲ್ಪ ಚಿಲ್ಲರೆ ಇರಲಿ. ಕೋಟೆಯನ್ನು ಬಿಸಿಲು ಏರುವ ಮೊದಲೇ ಮುಗಿಸಿ, ಸಂಜೆಯನ್ನು ಚೆರಾಯಿ ಬೀಚಿಗೆ ಇಡಿ. ರಾತ್ರಿ ಉಳಿಯುವವರಿಗೆ ಅಲ್ಲೇ ಹೋಂಸ್ಟೇಗಳಿವೆ.