ಒಂಬತ್ತನೇದು ಬರುತ್ತೆ ಅಂತ ಯಾರು ಹೇಳಿದ್ರು?

ಸೋಮವಾರದಿಂದ ಸರಿಯಾಗಿ ನಿದ್ದೆ ಬಂದಿಲ್ಲ, ಇವತ್ತು ಗುರುವಾರ. ಕಣ್ಣು ಮುಚ್ಚಿದ್ರೆ ಸಾಕು ಅದೇ ಬರುತ್ತೆ. ನಮ್ಮ ಮ್ಯಾನೇಜರ್ ಡ್ಯಾನ್ ವಿಲ್ಸನ್ ಡಗೌಟಿಂದ ಹೊರಗೆ ಬರೋದು, ಪಿಚರ್ ಬ್ರಯಾನ್ ವೂ ಕೈಯಿಂದ ಬಾಲ್ ಇಸ್ಕೊಳ್ಳೋದು, ಬದಲಿ ಪಿಚರ್‌ಗಳು ಕಾಯೋ ಬುಲ್‌ಪೆನ್ ಕಡೆಯಿಂದ ಎಡ್ವಾರ್ಡ್ ಬಜಾರ್ಡೊ ಬರೋದು, ಆಮೇಲೆ ಎರಡೇ ಎರಡು ಪಿಚ್, ಅಂದ್ರೆ ಎಸೆತ. ಅಷ್ಟೆ, ನಮ್ಮೂರ ಬೇಸ್‌ಬಾಲ್ ಟೀಮು ಸಿಯಾಟಲ್ ಮ್ಯಾರಿನರ್ಸ್ ಕಥೆ ಮುಗೀತು. 1977ರಿಂದ ಆಡ್ತಿರೋ ಟೀಮು, ಇಡೀ ಲೀಗಲ್ಲಿ ಒಂದು ಸಲಾನೂ ವರ್ಲ್ಡ್ ಸೀರೀಸ್ (ಅಂದ್ರೆ ಫೈನಲ್) ಮುಖ ನೋಡದೇ ಇರೋ ಒಂದೇ ಟೀಮು, ಇನ್ನು ಎಂಟು ಔಟ್ ಬೇಕಿತ್ತು ಅಷ್ಟೇ. ಎಂಟು!

ಆ ಹೊತ್ತಲ್ಲಿ ನಮ್ಮನೇಲಿ ಏನು ನಡೀತು ಅನ್ನೋದನ್ನ ಬರೀಬೇಕು ಅಂತ ಕೂತಿದ್ದೀನಿ, ಯಾಕಂದ್ರೆ ಮ್ಯಾಚ್ ಬಗ್ಗೆ ಎಲ್ಲರೂ ಬರೆದಾಗಿದೆ.

ಅಪ್ಪ ತಿಪಟೂರಲ್ಲಿ. ಏಪ್ರಿಲ್‌ನಲ್ಲಿ ಅವರಿಗೆ ಮಂಡಿ ಆಪರೇಷನ್ ಆಯ್ತು. ಆಮೇಲೆ ಬೆಳಿಗ್ಗೆ ಹೊತ್ತು ಮಂಚದ ಮೇಲೇ ಕಳೀಬೇಕಾಗಿ ಬಂದಾಗ ಬೇಜಾರಾಗುತ್ತೆ ಅಂತ ನಾನು ಇಲ್ಲಿಂದ ವಿಡಿಯೋ ಕಾಲ್ ಮಾಡಿ ಫೋನನ್ನ ಟೀವಿ ಕಡೆ ತಿರುಗಿಸಿ ಇಡ್ತಿದ್ದೆ. ಇಲ್ಲಿ ಸಂಜೆ ಮ್ಯಾಚ್ ಶುರುವಾಗೋ ಹೊತ್ತಿಗೆ ಅಲ್ಲಿ ಅವರ ಕಾಫಿ ಟೈಮು. ಮೊದಮೊದಲು ಇದೇನು ಚಿನ್ನಿದಾಂಡು ಅಂತಿದ್ದೋರು ಜೂನ್ ಹೊತ್ತಿಗೆ ಗುರಿ ತಪ್ಪಿದ ಬಾಲ್ ಯಾವುದು, ಗುರಿಗೆ ಬಿದ್ದ ಸ್ಟ್ರೈಕ್ ಯಾವುದು ಅಂತ ನಂಗಿಂತ ಮುಂಚೆ ಹೇಳೋರು. ನಮ್ಮ ಕ್ಯಾಚರ್ ಕ್ಯಾಲ್ ರಾಲಿ ಈ ಸೀಸನ್ನಿನ 60ನೇ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದ ದಿನ, ಹೊತ್ತೆಲ್ಲಾ ಕೂತು ಎದ್ದು ಬಾಲ್ ಹಿಡಿಯೋ ಕೆಲಸ ಮಾಡ್ಕೊಂಡು ಇಷ್ಟು ಹೊಡೆದಿದಾನಲ್ಲಪ್ಪಾ, ಅವನ ಮಂಡಿ ಎಷ್ಟು ಗಟ್ಟಿ ಇರ್ಬೇಕು ಅಂದ್ರು. ಒಬ್ಬ ಕ್ಯಾಚರ್ ಒಂದು ಸೀಸನ್ನಲ್ಲಿ ಅಷ್ಟು ಹೊಡೆದಿದ್ದು ಇದುವರೆಗೂ ಇಲ್ಲ, ಆದ್ರೆ ಅಪ್ಪನ ಕಣ್ಣು ಹೋಗಿದ್ದು ಮಂಡಿ ಕಡೆಗೆ.

ನಮ್ಮ ಪಿಚರ್ ಆಂಡ್ರೆಸ್ ಮುನೋಜ್ ಯಾರು ಅಂತ ಹೇಳಿಕೊಡೋಕೆ ನಂಗೆ ಸುಲಭದ ದಾರಿ ಇತ್ತು. ಅಪ್ಪಾ ಇವನು ನಮ್ಮ ಬುಮ್ರಾ. ಅಷ್ಟೇ ಸಾಕಾಯ್ತು. ಈ ಸೀಸನ್ 38 ಸೇವ್, ಅಂದ್ರೆ ಕೊನೇಲಿ ಬಂದು ಗೆಲುವು ಉಳಿಸಿಕೊಟ್ಟ ಮ್ಯಾಚು, ನೂರು ಮೈಲಿ ಹತ್ರ ಹೋಗೋ ಬಾಲು, ಅದರ ಜೊತೆ ಆ ಸ್ಲೈಡರ್ರು, ಬ್ಯಾಟ್ ಬೀಸೋನಿಗೆ ಬಾಲ್ ಎಲ್ಲಿ ಮಾಯ ಆಯ್ತು ಅಂತಾನೇ ಗೊತ್ತಾಗಲ್ಲ. ಅವನು ಬಂದ್ರೆ ಅಪ್ಪ ಲೋಟ ಕೆಳಗಿಡ್ತಿದ್ರು.

ಸೋಮವಾರ, 2025ರ ಅಕ್ಟೋಬರ್ 20. ಇಲ್ಲಿ ನರಕಚತುರ್ದಶಿ, ಅಲ್ಲಿ ಆಗ್ಲೇ ಅಮಾವಾಸ್ಯೆ ಬೆಳಿಗ್ಗೆ. ಟೊರಾಂಟೊ ಟೀಮಿನ ಜೊತೆ ಅವರ ಊರಲ್ಲೇ ಏಳನೇ, ಕೊನೇ ಮ್ಯಾಚು, ಗೆದ್ದೋರು ವರ್ಲ್ಡ್ ಸೀರೀಸ್‌ಗೆ. ನಮ್ಮವಳು ಹಣತೆ ಎಲ್ಲಾ ಹಚ್ಚಿ ಬಾಗಿಲಲ್ಲಿ ಇಟ್ಟಿದ್ಲು, ಮಗಳು ರೇಷ್ಮೆ ಲಂಗದ ಮೇಲೆ ರಾಲಿ 29ನೇ ನಂಬರ್ ಜೆರ್ಸಿ ಹಾಕ್ಕೊಂಡಿದ್ಲು, ಬೈದ್ರೂ ಬಿಚ್ಚಲಿಲ್ಲ. ಫೋನನ್ನ ಕಜ್ಜಾಯದ ಡಬ್ಬಿಗೆ ಒರಗಿಸಿಟ್ಟಿದ್ದೆ. ಆಚೆ ಕಡೆ ಅಪ್ಪ, ತಲೆಗೆ ಮಫ್ಲರ್, ಫೋನ್ ಹಿಡಿಯೋಕೆ ಬರದೆ ಯಾವಾಗ್ಲೂ ಹಾಗೆ ಅರ್ಧ ಮುಖ ಮಾತ್ರ ಕಾಣೋದು.

ಮ್ಯಾಚ್ ಚೆನ್ನಾಗೇ ಹೋಗ್ತಿತ್ತು. ಹೂಲಿಯೊ ರೊಡ್ರಿಗೆಜ್ ಮೂರನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ನು, ಐದನೇದ್ರಲ್ಲಿ ರಾಲಿ. 3-1. ಜಾರ್ಜ್ ಕರ್ಬಿ ನಾಲ್ಕು ಇನ್ನಿಂಗ್ಸ್ ಒಂದೇ ರನ್ ಕೊಟ್ಟು ಕೆಲಸ ಮುಗಿಸಿದ, ಅವನ ಮೇಲೆ ವೂ ಬಂದ, ಐದು ಆರು ಎರಡೂ ನೀಟಾಗಿ ಮುಗಿಸಿದ. ಸೆಪ್ಟೆಂಬರಲ್ಲಿ ಎದೆ ಸ್ನಾಯು ನೋವು ಅಂತ ಹೊರಗಿದ್ದ ಹುಡುಗ, ಇಷ್ಟು ಎಸೆದಿದ್ದೇ ದೊಡ್ಡದು. ಏಳನೇದಕ್ಕೂ ಅವನನ್ನೇ ಕಳಿಸಿದಾಗ ನನಗೆ ಹೊಟ್ಟೇಲಿ ಏನೋ ಕಿವುಚಿದ ಹಾಗಾಯ್ತು. ಟೊರಾಂಟೊದ ಬಾರ್ಜರ್‌ಗೆ ವಾಕ್ ಕೊಟ್ಟ, ನಾಲ್ಕು ಗುರಿ ತಪ್ಪಿದ ಎಸೆತಕ್ಕೆ ಪುಕ್ಕಟೆ ಫಸ್ಟ್ ಬೇಸು. ಕೈನರ್-ಫಲೆಫಾ ಒಂದು ಸಿಂಗಲ್. ಹಿಮೆನೆಜ್ ಬಂಟ್ ಮಾಡಿ, ಅಂದ್ರೆ ಬ್ಯಾಟ್ ಬೀಸದೆ ಬಾಲನ್ನ ಮೆತ್ತಗೆ ತಳ್ಳಿ, ತಾನು ಔಟಾಗಿ ಇಬ್ಬರನ್ನೂ ಮುಂದೆ ತಳ್ಳಿದ. ಒಂದು ಔಟು, ಎರಡು ಮೂರನೇ ಬೇಸಲ್ಲಿ ಇಬ್ಬರು, ಬ್ಯಾಟ್ ಹಿಡ್ಕೊಂಡು ಬರ್ತಿರೋನು ಜಾರ್ಜ್ ಸ್ಪ್ರಿಂಗರ್.

ಅಪ್ಪ ಕೇಳಿದ್ರು, "ಇವನೇ ಅಲ್ವಾ ಮೊನ್ನೆ ಮಂಡಿಗೆ ಏಟು ತಿಂದೋನು?"

ಹೌದು, ಶುಕ್ರವಾರ ಐದನೇ ಮ್ಯಾಚಲ್ಲಿ ಇದೇ ವೂ ಎಸೆದ ಬಾಲು ಅವನ ಬಲಮಂಡಿಗೆ ಬಿದ್ದಿತ್ತು, ಕುಂಟ್ಕೊಂಡು ಹೋಗಿದ್ದ. 36 ವರ್ಷ. ನಾನು ಅವರ ಮ್ಯಾನೇಜರ್ ಆಗಿದ್ರೆ ಲೈನಪ್ಪಿಂದ ತೆಗೀತಿದ್ನೇನೋ, ಜಾನ್ ಷ್ನೈಡರ್ ತೆಗೀಲಿಲ್ಲ, ಫೀಲ್ಡಿಂಗ್ ಬೇಡ ಬರೀ ಬ್ಯಾಟ್ ಮಾಡು ಅಂತ ಡಿಎಚ್ ಮಾಡಿ ಮೊದಲನೇ ಸ್ಥಾನದಲ್ಲೇ ಬಿಟ್ಟ. 2017ರಲ್ಲಿ ವರ್ಲ್ಡ್ ಸೀರೀಸ್ ಎಂವಿಪಿ ಆಗಿರೋನನ್ನ ಯಾರು ತಾನೆ ಕೂರಿಸ್ತಾರೆ.

ಅಪ್ಪ ಅಂದ್ರು, "ಮಂಡಿ ನೋವಿರೋನು ಓಡೋ ಯೋಚನೆ ಇಟ್ಕೊಳ್ಳಲ್ಲ ಕಣೋ, ಹೊಡೆದ್ರೆ ಆಚೆಗೇ ಹೊಡೀತಾನೆ."

ಅಷ್ಟರಲ್ಲಿ ವಿಲ್ಸನ್ ಹೊರಗೆ ಬಂದ. ವೂನ ತೆಗೆದ. ಅಪ್ಪ ಲೋಟ ಕೆಳಗಿಟ್ಟಿದ್ದು ಶಬ್ದ ಕೇಳಿಸ್ತು ನಂಗೆ, ಸ್ಟೀಲ್ ಲೋಟ ಕಿಟಕಿ ಕಲ್ಲಿನ ಮೇಲೆ. ಅವರು ಮುನೋಜ್ ಬರ್ತಾನೆ ಅಂದ್ಕೊಂಡಿದ್ರು. ಬಂದಿದ್ದು ಬಜಾರ್ಡೊ.

"ಬುಮ್ರಾ ಎಲ್ಲೋ?"

"ಅಪ್ಪಾ ಇದು ಏಳನೇ ಇನ್ನಿಂಗ್ಸು. ಅವನು ಕ್ಲೋಸರ್ರು, ಕೊನೇ ಇನ್ನಿಂಗ್ಸ್ ಮುಗಿಸೋನು. ಅವನು ಬರೋದು ಒಂಬತ್ತನೇದಕ್ಕೆ."

"ಒಂಬತ್ತನೇದು ಬರುತ್ತೆ ಅಂತ ಯಾರು ಹೇಳಿದ್ರು?"

ನಾನು ಉತ್ತರ ಕೊಡೋಕೆ ಬಾಯಿ ತೆಗೆದೆ. ನಿಜವಾಗ್ಲೂ ಉತ್ತರ ಇತ್ತು ನನ್ನ ಹತ್ರ, ಇವರಿಗೆ ಕ್ರಿಕೆಟ್ ಲೆಕ್ಕ ಗೊತ್ತು, ಇದರ ಲೆಕ್ಕ ಬೇರೆ ಅಂತ ಅನ್ಕೊಂಡೇ ಶುರು ಮಾಡಿದ್ದೆ. ಮೊದಲನೇ ಪಿಚ್ ಗುರಿ ತಪ್ಪಿತು. ಎರಡನೇದು ಸಿಂಕರ್. ಕೆಳಗೆ ಇಳೀಬೇಕಿದ್ದ ಬಾಲು ಇಳೀಲಿಲ್ಲ. ಬ್ಯಾಟಿಂದ ಹೊರಟ ಶಬ್ದಕ್ಕೇ ಗೊತ್ತಾಯ್ತು, ಎಡಗಡೆ ಗೋಡೆ ದಾಟೋದನ್ನ ನೋಡೋ ಅಗತ್ಯನೇ ಇರಲಿಲ್ಲ. ಬೇಸಲ್ಲಿದ್ದ ಇಬ್ಬರೂ ಅವನೂ ಸೇರಿ ಮೂರು ರನ್, ಅವರಿಗೆ 4-3. ಮಗಳು ನನ್ನ ಮುಖ ನೋಡಿದ್ಲು. ಫೋನಿಂದ ಒಂದು ಮಾತಿಲ್ಲ.

ಆ ಪ್ರಶ್ನೆ ನಾಲ್ಕು ದಿನದಿಂದ ನನ್ನ ಬಿಟ್ಟಿಲ್ಲ. ಆಫೀಸಿಗೆ ಡ್ರೈವ್ ಮಾಡ್ತಾ 520 ಸೇತುವೆ ಮೇಲೆ ಅದೇ, ಪಾತ್ರೆ ತೊಳೀತಾ ಅದೇ.

ವಿಲ್ಸನ್ ಬಗ್ಗೆ ಕೆಟ್ಟದಾಗಿ ಮಾತಾಡೋಕೆ ನನಗೆ ಮನಸ್ಸಿಲ್ಲ. ಮೊದಲು ಈ ಟೀಮಿಗೇ ಕ್ಯಾಚರ್ ಆಗಿದ್ದೋನು, 1995ರಲ್ಲಿ ಮೊದಲನೇ ಸಲ ನಾಕೌಟ್ ಹಂತಕ್ಕೆ ಹೋದ ಆ ಟೀಮಲ್ಲಿ ಇದ್ದೋನು, ಊರಿಗೆ ಊರೇ ಪ್ರೀತಿಸೋ ಮನುಷ್ಯ. ಕಳೆದ ವರ್ಷ ಆಗಸ್ಟಲ್ಲಿ ಅರ್ಧದಲ್ಲಿ ಬಂದು ವಹಿಸ್ಕೊಂಡು ಈ ಸಲ 90 ಮ್ಯಾಚ್ ಗೆಲ್ಲಿಸಿದ, 2001ರ ಮೇಲೆ ಮೊದಲನೇ ಸಲ ಡಿವಿಷನ್, ಅಂದ್ರೆ ನಮ್ಮ ಗುಂಪು ಗೆದ್ವಿ. ಬಜಾರ್ಡೊನೂ ಕೆಟ್ಟ ಆಯ್ಕೆ ಅಲ್ಲ, ವರ್ಷಪೂರ್ತಿ ಇಂಥ ಇಕ್ಕಟ್ಟಿಗೆ ಅವನನ್ನೇ ಕರೀತಿದ್ದಿದ್ದು, ಹಿಂದಿನ ಸುತ್ತಲ್ಲಿ ಡೆಟ್ರಾಯ್ಟ್ ವಿರುದ್ಧ ಆ 15 ಇನ್ನಿಂಗ್ಸ್ ಮ್ಯಾಚ್ ಗೆದ್ದಿದ್ರಲ್ಲಿ ಅವನ ಪಾಲೂ ಇತ್ತು. ಇಷ್ಟು ದಿನ ಕಾಪಾಡಿದೋನು ಇವತ್ತೂ ಕಾಪಾಡ್ತಾನೆ ಅನ್ನೋದು ವಿಲ್ಸನ್ ವಾದ. ಅದು ನಂಗೆ ಅರ್ಥ ಆಗುತ್ತೆ.

ಆದ್ರೆ ಒಂದು ವಿಷಯ ನೋಡಿ. ಸಿಂಕರ್ ಎಸೆಯೋನನ್ನ ಕರೆಯೋದು ಬಾಲ್ ನೆಲಕ್ಕೆ ಹೊಡೆಸೋಕೆ, ನೆಲಕ್ಕೆ ಹೋದ್ರೆ ಡಬಲ್ ಪ್ಲೇ, ಅಂದ್ರೆ ಒಂದೇ ಬಾಲಿಗೆ ಇಬ್ಬರು ಔಟ್, ಸಿಗುತ್ತೆ ಅಂತ. ಹಿಮೆನೆಜ್ ಬಂಟ್ ಮಾಡಿ ಫಸ್ಟ್ ಬೇಸ್ ಖಾಲಿ ಮಾಡಿ ಹೋದ್ಮೇಲೆ ಆ ಸುಲಭದ ಡಬಲ್ ಪ್ಲೇ ಎಲ್ಲಿಂದ ಬರ್ಬೇಕು? ಆ ಹೊತ್ತಿಗೆ ಬೇಕಿದ್ದಿದ್ದು ಬ್ಯಾಟಿಗೆ ಬಾಲೇ ತಾಗಿಸದೇ ಇರೋನು, ಸ್ಟ್ರೈಕ್ ಔಟ್ ಮಾಡೋನು. ಆ ಕೆಲಸಕ್ಕೆ ಈ ಟೀಮಲ್ಲಿ ಮುನೋಜ್‌ಗಿಂತ ಬೇರೆ ಯಾರಿದಾರೆ? ಸ್ಪ್ರಿಂಗರ್‌ಗೆ ಬೇಕಂತಲೇ ವಾಕ್ ಕೊಟ್ಟು ಬೇಸ್ ತುಂಬಿಸಬಹುದಿತ್ತು ಅಂತಾರೆ ಕೆಲವರು, ಆಗ ಡಬಲ್ ಪ್ಲೇ ಏನೋ ವಾಪಸ್ ಬರುತ್ತೆ, ಆದ್ರೆ ಒಬ್ಬ ಆದ್ಮೇಲೆ ವ್ಲಾಡಿ ಗೆರೆರೊ ಕಾಯ್ತಿದ್ದ, ಇಡೀ ಸೀರೀಸ್ ನಮ್ಮನ್ನ ಹೊಡೆದಿದ್ದೋನು, ಅದು ನನಗೂ ಧೈರ್ಯ ಬರ್ತಿರಲಿಲ್ಲ. ನನ್ನ ಸಂಕಟ ಬರೀ ಮುನೋಜ್ ಬಗ್ಗೆ. ಒಂಬತ್ತನೇ ಇನ್ನಿಂಗ್ಸ್ ಅನ್ನೋದು ಸ್ಕೋರ್‌ಬೋರ್ಡಲ್ಲಿರೋ ಒಂದು ಅಂಕಿ, ಆ ಮ್ಯಾಚಿನ ನಿಜವಾದ ಒಂಬತ್ತನೇದು ಅಲ್ಲೇ ಏಳರಲ್ಲೇ ಬಂದು ನಿಂತಿತ್ತು.

ಅದನ್ನ ವಿಲ್ಸನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹತ್ತು ದಿನದ ಹಿಂದೆ ಅವನೇ ಮಾಡಿ ತೋರಿಸಿದ್ದ. ಡೆಟ್ರಾಯ್ಟ್ ಜೊತೆ ಕೊನೇ ಮ್ಯಾಚಲ್ಲಿ ನಾಳೆ ನಾಡಿದ್ದಿಗೆ ಬೇಕಾಗ್ತಾರೆ ಅಂತ ನೋಡ್ದೆ ಲೋಗನ್ ಗಿಲ್ಬರ್ಟ್, ಲೂಯಿಸ್ ಕ್ಯಾಸ್ಟಿಲೊ ಇಬ್ಬರು ಸ್ಟಾರ್ಟರ್‌ಗಳನ್ನೂ (ಮ್ಯಾಚ್ ಶುರು ಮಾಡೋ ಪಿಚರ್‌ಗಳು) ಬುಲ್‌ಪೆನ್ನಿಂದ ಕರೆದ, ನಮ್ಮ ಪೊಲಾಂಕೊ ಹೊಡೆದು ಗೆಲ್ಲಿಸೋ ತನಕ ಕಾದ್ವಿ. ಆವತ್ತು ಯಾವ ರೂಲೂ ಇರಲಿಲ್ಲ. ಸೋಮವಾರ ಷ್ನೈಡರ್ ಕೂಡ ಅದನ್ನೇ ಮಾಡಿದ್ದು, ಸ್ಟಾರ್ಟರ್ ಗಾಸ್ಮನ್‌ನ ಏಳಕ್ಕೆ ತಂದ, ಇನ್ನೊಬ್ಬ ಸ್ಟಾರ್ಟರ್ ಬ್ಯಾಸಿಟ್‌ನ ಎಂಟಕ್ಕೆ ತಂದ. ಆ ಹೊತ್ತಲ್ಲಿ ನಮ್ಮ ಅತ್ಯುತ್ತಮ ಬೌಲರ್ ಮಾತ್ರ ಬುಲ್‌ಪೆನ್ನಲ್ಲೇ ಕೂತು ಆ ಬಾಲ್ ಗೋಡೆ ದಾಟೋದನ್ನ ನೋಡಿದ.

ಮಂಗಳವಾರ ಅಪ್ಪ ಬಾರ್ಬಡೋಸ್ ನೆನಪು ಮಾಡಿದ್ರು. 2024ರ ಟಿ20 ವರ್ಲ್ಡ್ ಕಪ್ ಫೈನಲ್, ಜೂನ್ 29. ದಕ್ಷಿಣ ಆಫ್ರಿಕಾಗೆ 30 ಬಾಲಲ್ಲಿ 30 ರನ್ ಬೇಕು, ಕ್ಲಾಸೆನ್ ಹಿಡಿತಕ್ಕೇ ಸಿಗ್ತಿಲ್ಲ. ರೋಹಿತ್ ಬುಮ್ರಾನ ಕೊನೇ ಓವರ್‌ಗೆ ಅಂತ ಎತ್ತಿಡಲಿಲ್ಲ. 16ನೇ ಓವರ್ ಕೊಟ್ಟ, ನಾಲ್ಕು ರನ್ನು. 18ನೇದು ಕೊಟ್ಟ, ಎರಡೇ ರನ್ನು, ಯಾನ್ಸನ್ ಬೌಲ್ಡ್. ಅಲ್ಲಿಗೆ ಬುಮ್ರಾ ಕೋಟಾ ಮುಗೀತು. ಕೊನೇ ಓವರ್ ಹಾರ್ದಿಕ್ ಹಾಕಿದ, ಸೂರ್ಯ ಬೌಂಡರೀಲಿ ಆ ಕ್ಯಾಚ್ ಹಿಡಿದ, ಏಳು ರನ್ನಿಂದ ಗೆದ್ವಿ. "ಬೆಂಕಿ ಬಿದ್ದಿರೋ ಕಡೆ ನೀರು ಹಾಕಿದ ಅವನು," ಅಂದ್ರು ಅಪ್ಪ. ಆವತ್ತು ನಮ್ಮ ದ್ರಾವಿಡ್ ಕಪ್ ಹಿಡ್ಕೊಂಡು ಕೂಗಿದ್ದನ್ನ ನೋಡಿ ಅಪ್ಪ ಅತ್ತಿದ್ರು, ಅದು ನಂಗೆ ಗೊತ್ತು.

ಆಫೀಸಲ್ಲಿ ಒಬ್ಬ ಇದಾನೆ, ಅಂಕಿ ಅಂಶ ತಗೊಂಡು ಬಂದು ತೀರ್ಮಾನ ಸರೀನೇ ಇತ್ತು ಫಲಿತಾಂಶ ಮಾತ್ರ ಕೈ ಕೊಡ್ತು ಅಂತ ವಿವರಿಸೋಕೆ ಬಂದ. ಇಂಥೋರನ್ನ ಕಂಡ್ರೆ ನಂಗಾಗಲ್ಲ. ಇಡೀ ಊರು ಸೂತಕದಲ್ಲಿರೋವಾಗ ಪರ್ಸೆಂಟೇಜ್ ಹೇಳೋಕೆ ಬರ್ತಾರಲ್ಲ. ಎದುರು ಮನೆ ಅಜ್ಜ ಅದಕ್ಕಿಂತ ಎಷ್ಟೋ ಮೇಲು, ಟೀಮು ಶುರುವಾದ ಮೊದಲನೇ ವರ್ಷದಿಂದ ನೋಡ್ತಿರೋ ಮನುಷ್ಯ. ಮಂಗಳವಾರ ಬೆಳಿಗ್ಗೆ ಹಬ್ಬದ ಸಿಹಿ ಕೊಡೋಕೆ ಹೋದಾಗ ವರಾಂಡದಲ್ಲಿ ಬಾವುಟ ಇಳಿಸ್ತಿದ್ರು. ಮಳೇಲಿ ನೆಂದಿತ್ತು, ಮೂಲೆಗೆ ಮೂಲೆ ಹಿಡಿದು ಹಿಂಡಿ, ಕೈಯಲ್ಲೇ ಇಸ್ತ್ರಿ ಮಾಡಿದ ಹಾಗೆ ಸವರಿ ಸವರಿ ಮಡಚಿದ್ರು. ಕೊನೇ ಔಟಿನ ಹೊತ್ತಲ್ಲಿ ಕ್ಯಾಲ್ ಮುಂದಿನ ಬ್ಯಾಟರ್ ಆಗಿ ಕಾಯ್ತಾ ನಿಂತಿದ್ದ ನೋಡಿದ್ಯಾ ಅಂತ ಅಷ್ಟೇ ಕೇಳಿದ್ದು. ನೋಡಿದ್ದೆ. ಹೂಲಿಯೊ ಸ್ಟ್ರೈಕ್ ಔಟ್ ಆದ, 60 ಹೊಡೆದೋನು ಬ್ಯಾಟ್ ಹಿಡ್ಕೊಂಡು ನಿಂತಲ್ಲೇ ನಿಂತಿದ್ದ. ಏಳನೇದ್ರಲ್ಲಿ ಮುನೋಜ್ ಹೇಗೋ, ಕೊನೇಲಿ ಕ್ಯಾಲೂ ಹಾಗೇ.

ಇಷ್ಟರಲ್ಲೇ ನಿಲ್ಲಿಸಬೇಕು ಅಂತಿದ್ದೆ, ಆದ್ರೆ ಅಸಲು ನಿದ್ದೆ ಕೆಡಿಸ್ತಿರೋದು ಇದಲ್ಲ.

ಏಪ್ರಿಲಲ್ಲಿ ಅಪ್ಪನ ಆಪರೇಷನ್‌ಗೆ ನಾನು ಹೋಗಲಿಲ್ಲ. ರಜಾ ಇತ್ತು, ಐದು ವಾರ ಇತ್ತು. ಡಿಸೆಂಬರಲ್ಲಿ ತಮ್ಮನ ಮದುವೆ ಇದೆ, ಆಗ ಒಟ್ಟಿಗೆ ತಗೊಂಡು ಒಂದು ತಿಂಗಳು ಇರ್ತೀನಿ ಅಂತ ಎತ್ತಿಟ್ಟಿದ್ದೆ. ಈಗ ಮಂಡಿ ಆಪರೇಷನ್ ಎಲ್ಲರಿಗೂ ಆಗುತ್ತೆ, ಮೂರು ದಿನಕ್ಕೆ ನಡೆಸ್ತಾರೆ ಅಂತ ನಾನೇ ಅಪ್ಪನಿಗೆ ಧೈರ್ಯ ಹೇಳಿದ್ದೆ. ಅಪ್ಪನೂ ಸುಮ್ನೆ ಖರ್ಚು ಯಾಕೆ, ಬರ್ಬೇಡ ಅಂದ್ರು. ಪಕ್ಕದ ಮನೆ ಹುಡುಗ ಆಸ್ಪತ್ರೆಗೆ ಕರ್ಕೊಂಡು ಹೋದ, ರಾತ್ರಿ ಜೊತೇಲಿ ಮಲಗಿದ್ದೂ ಅವನೇ. ಮೊದಲನೇ ರಾತ್ರಿ ನೋವಿಗೆ ಇಡೀ ರಾತ್ರಿ ಒದ್ದಾಡಿದ್ರಂತೆ, ಅದು ನಂಗೆ ಗೊತ್ತಾಗಿದ್ದು ಆಗಸ್ಟಲ್ಲಿ, ಅದೂ ಆ ಹುಡುಗನ ಬಾಯಿಂದ. ನಾನು ಇಲ್ಲಿಂದ ಕಳಿಸಿದ್ದು ದುಡ್ಡು, ಆಮೇಲೆ ಟೀವಿ ಕಡೆ ತಿರುಗಿಸಿದ ಒಂದು ಫೋನು.

ಅಪ್ಪ ಆ ಅರ್ಥದಲ್ಲಿ ಕೇಳಲಿಲ್ಲ, ಅದು ನಂಗೆ ಚೆನ್ನಾಗಿ ಗೊತ್ತು. ಅವರು ಕೇಳಿದ್ದು ಮುನೋಜ್ ಬಗ್ಗೆನೇ. ಆದ್ರೆ ಒಂಬತ್ತನೇದಕ್ಕೆ ಬರ್ತಾನೆ ಅಂತ ಅಷ್ಟು ಗ್ಯಾರಂಟಿಯಾಗಿ ನನ್ನ ಬಾಯಲ್ಲಿ ಬಂತಲ್ಲ, ಅದು ಎಲ್ಲಿಂದ ಬಂತು ಅಂತ ಯೋಚನೆ ಮಾಡ್ತಿದ್ದೀನಿ. ನಿನ್ನೆ ರಾತ್ರಿ ನಮ್ಮವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟು ನವೆಂಬರ್ ಟಿಕೆಟ್ ರೇಟು ತೆಗೆದ್ಲು. ಮದುವೆಗೆ ಎರಡು ವಾರ ಸಾಕಾಗುತ್ತೆ, ಉಳಿದಿದ್ದು ಈಗ ಹೋಗ್ಬಾ ಅಂದ್ಲು.

ಬೆಳಿಗ್ಗೆ ಅಪ್ಪನ ಫೋನು. "ವರ್ಲ್ಡ್ ಸೀರೀಸ್ ಯಾವತ್ತಿಂದ?"

"ಶುಕ್ರವಾರ, ನಿಮಗೆ ಶನಿವಾರ ಬೆಳಿಗ್ಗೆ ಐದೂವರೆ. ಆದ್ರೆ ನಮ್ಮೋರಿಲ್ಲ ಅಪ್ಪಾ, ಡಾಡ್ಜರ್ಸು ಟೊರಾಂಟೊ."

"ಇರ್ಲಿ ಹಾಕೋ. ಆ ಮಂಡಿ ನೋವಿನೋನು ಹೇಗೆ ಆಡ್ತಾನೆ ನೋಡ್ಬೇಕು."

ಟಿಕೆಟ್ ವಿಷಯ ಇನ್ನೂ ಹೇಳಿಲ್ಲ. ಶನಿವಾರ ಅವರು ಕಾಫಿ ಲೋಟ ಹಿಡ್ಕೊಂಡು ಕೂತ್ಮೇಲೆ, ಮೊದಲನೇ ಇನ್ನಿಂಗ್ಸಲ್ಲೇ ಹೇಳ್ತೀನಿ.